ದೊಡ್ಡಮ್ಮ ಕೇಳಿದ ಒಂದು ಪ್ರಶ್ನೆ

"ನೆಟ್ಟಲ್ಲಿ ನೋಡಿ ಮಗಳನ್ನು ಕೊಟ್ರಂತೆ" ಅಂತ ನಮ್ಮ ಉಚ್ಚಿಲ ಪೇಟೆಯಲ್ಲಿ ಯಾರಾದ್ರೂ ಮೂಗು ಮುರಿದ್ರೆ ನಂಗೆ ನಗು ಬರ್ತದೆ. ದೂರದ ಸಂಬಂಧ ನಮ್ಮ ಊರಿಗೆ ಹೊಸತಾ ಮಾರಾಯ್ರೆ?

ನಮ್ಮ ಕಡೆಯ ಗಂಡಸರು ಬೊಂಬಾಯಿ ಸೇರಿ ನೂರು ವರ್ಷದ ಮೇಲಾಯ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅದಕ್ಕೆ ಮೊದಲು ಊರಿಗೆ ಬರುದೇ ಒಂದು ಸಾಹಸ. ಹಾಗಾಗಿ ಎಷ್ಟೋ ಮನೆಯಲ್ಲಿ ಮಾತುಕತೆ ಆಗ್ತಿದ್ದದ್ದು ಕಾಗದದಲ್ಲಿ. ಒಂದು ಇನ್‌ಲ್ಯಾಂಡ್ ಲೆಟರ್, ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೊ, ನಡುವೆ ಒಬ್ಬ ಮಧ್ಯಸ್ತಿಕೆಯವ. ನಮ್ಮಲ್ಲಿ ಮಾತ್ರ ಅಲ್ಲ, ಅಮೇರಿಕಕ್ಕೆ ದುಡಿಲಿಕ್ಕೆ ಹೋದ ಜಪಾನಿನವರೂ 1908ರಿಂದ 1920ರವರೆಗೆ ಫೋಟೊ ನೋಡಿಯೇ ಸಾವಿರಾರು ಹೆಣ್ಣುಗಳನ್ನು ಕರೆಸಿಕೊಂಡಿದ್ದರು. ಹಡಗು ಇಳಿದ ಮೇಲೆ, ಫೋಟೊದಲ್ಲಿದ್ದ ಪ್ರಾಯವೇ ಬೇರೆ, ಎದುರು ನಿಂತವನ ಪ್ರಾಯವೇ ಬೇರೆ ಅಂತ ಅತ್ತವರು ಕೆಲವರಲ್ಲ.

ನಮ್ಮ ದೊಡ್ಡಮ್ಮನ ಮದುವೆ 1961ರಲ್ಲಿ. "ಹುಡುಗನಿಗೆ ಬೊಂಬಾಯಿಯಲ್ಲಿ ಸ್ವಂತ ಹೋಟ್ಲುಂಟು" ಅಂತ ಕಾಗದ ಬಂದಿತ್ತು. ಮದುವೆಯಾಗಿ ಹೋಗಿ ನೋಡಿದ್ರೆ ದೊಡ್ಡಪ್ಪ ಬೇರೆಯವರ ಹೋಟ್ಲಲ್ಲಿ ಅಡಿಗೆಯವರು. "ಅಡಿಗೆ ಕೆಲಸಕ್ಕೆ ಬೇಜಾರಿಲ್ಲ, ಸುಳ್ಳಿಗೆ ಬೇಜಾರು" ಅಂತ ದೊಡ್ಡಮ್ಮ ಈಗಲೂ ಹೇಳ್ತಾರೆ. ಆದರೆ ಸುಳ್ಳು ಹೇಳಿದ ಮಧ್ಯಸ್ತಿಕೆಯವ ಪಕ್ಕದ ಊರಿನವ. ಅಜ್ಜ ಅವನ ಜಗಲಿಗೇ ಹೋಗಿ ಬೈದು ಬಂದರು. ಬೈಲಿಕ್ಕಾದ್ರೂ ಒಬ್ಬ ಇದ್ದ.

ಇಂಟರ್ನೆಟ್ ನಮ್ಮ ದೇಶದಲ್ಲಿ ಜನರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಎರಡು ವರ್ಷದಲ್ಲಿ, ಅಮೇರಿಕದಲ್ಲಿ ಕೆಲಸಕ್ಕಿದ್ದ ಚೆನ್ನೈಯ ಮುರುಗವೇಲ್ ಜಾನಕಿರಾಮನ್ ತಮಿಳರಿಗೆ ಅಂತ ಒಂದು ತಾಣ ಮಾಡಿದರು. ಅದರಲ್ಲಿ ಜನ ಮುಗಿಬಿದ್ದದ್ದು ಮದುವೆ ಸಂಬಂಧದ ಪುಟಕ್ಕೆ. ಅದೇ ಬೆಳೆದು ಭಾರತ್ ಮ್ಯಾಟ್ರಿಮನಿ ಆಯ್ತು, ಕನ್ನಡದವರಿಗೂ ಒಂದು ಬಂತು. ಅವರಿಗೂ ಹೆಂಡತಿ ಸಿಕ್ಕಿದ್ದು ಆ ತಾಣದಿಂದಲೇ!

ನನ್ನ ಮಗಳಿಗೆ 2019ರಲ್ಲಿ ಹೀಗೆಯೇ ಒಂದು ಸಂಬಂಧ ಬಂತು. ಹುಡುಗ ಟೊರಾಂಟೊದಲ್ಲಿ, ಮನೆ ಕಾರ್ಕಳ ಕಡೆ. ತಿಂಗಳುಗಟ್ಟಲೆ ಇಬ್ಬರೂ ಮಾತಾಡಿದ ಮೇಲೆ ನಮಗೆ ಹೇಳಿದಳು. ನಂಗೆ ಎದೆ ಢವಢವ. ಇಲ್ಲಿ ಮೋಸವಾದ್ರೆ ಯಾರ ಜಗಲಿಗೆ ಹೋಗುದು?

ಒಂದು ಭಾನುವಾರ ಸಂಜೆ ವೀಡಿಯೊ ಕಾಲ್. ಅಲ್ಲಿ ಆಗ ಬೆಳಿಗ್ಗೆ. ನಾವೆಲ್ಲ "ಊಟ ಆಯ್ತಾ, ಚಳಿ ಉಂಟಾ" ಅಂತ ಕೇಳ್ತಾ ಕೂತಿದ್ದಾಗ, ದೊಡ್ಡಮ್ಮ ಫೋನು ಕೈಗೆ ತಕೊಂಡು ತುಳುವಿನಲ್ಲೇ ಕೇಳಿದರು: "ಮಗಾ, ನೀನು ಮಲಗುವ ಜಾಗ ಒಮ್ಮೆ ತೋರಿಸು."

ತಾಣದಲ್ಲಿ "ಸ್ವಂತ ಫ್ಲಾಟ್" ಅಂತ ಬರೆದಿತ್ತು. ಹುಡುಗ ಒಂದು ಗಳಿಗೆ ಸುಮ್ಮನಾದ. ಮತ್ತೆ ಫೋನು ತಿರುಗಿಸಿದ. ಸಣ್ಣ ರೂಮು, ಮೂರು ಹಾಸಿಗೆ. "ಅದು ಅಕ್ಕ ಬರೆದದ್ದು ಅಜ್ಜಿ. ನಂದು ಬಾಡಿಗೆ, ಮೂವರು ಇದ್ದೇವೆ. ನಿಮ್ಮ ಮೊಮ್ಮಗಳಿಗೆ ಮೊದಲೇ ಹೇಳಿದ್ದೆ." ಮಗಳು ತಲೆ ಆಡಿಸಿದಳು.

ದೊಡ್ಡಮ್ಮ ನನ್ನತ್ರ ತಿರುಗಿ, "ಇವ ಆಗಬಹುದು" ಅಂದರು.

ಆದರೂ ನಾವು ಅಷ್ಟಕ್ಕೇ ಬಿಡಲಿಲ್ಲ. ಕಾರ್ಕಳದ ಮನೆಗೆ ಹೋಗಿ ಬಂದೆವು, ಅಲ್ಲಿರುವ ಸಂಬಂಧಿಕರೊಬ್ಬರು ಹುಡುಗನ ರೂಮಿಗೂ ಹೋಗಿ ಚಾ ಕುಡಿದು ಬಂದರು. ನೀವೂ ಹಾಗೇ ಮಾಡಿ. ಮುಖ ತೋರಿಸದವ, "ಗಿಫ್ಟ್ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ, ಹಣ ಹಾಕಿ" ಅನ್ನುವವ ಅಳಿಯನಾಗುವವ ಅಲ್ಲ. ಹಣ ಹೋಗಿದ್ರೆ ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಫೋನು ಮಾಡಿ.

2020ರ ಜನವರಿಯಲ್ಲಿ ಮದುವೆ ಆಯ್ತು. ಮಾರ್ಚಿಗೆ ಕೊರೊನಾ ಬಂದು ವಿಮಾನ ನಿಂತಿತು. ಮಗಳು ಹನ್ನೊಂದು ತಿಂಗಳು ನಮ್ಮ ಚಾವಡಿಯಲ್ಲೇ ಕೂತು ಗಂಡನತ್ರ ಫೋನಲ್ಲಿ ಸಂಸಾರ ಮಾಡಿದಳು. ಅದನ್ನು ನೋಡಿ ದೊಡ್ಡಮ್ಮ ಹೇಳಿದ್ದು: "ನಮ್ಮ ಕಾಲದಲ್ಲಿ ಇಷ್ಟು ಮಾತಾಡ್ಲಿಕ್ಕೆ ಸಿಕ್ಕಿದ್ರೆ, ಆ ಹೋಟ್ಲಿನ ಸುಳ್ಳು ಎರಡು ದಿನವೂ ಬಾಳ್ತಿರಲಿಲ್ಲ."