ಎರಡು ಸೊನ್ನೆಗಳ ಭಯ

1999ರ ಡಿಸೆಂಬರಿನಲ್ಲಿ ನಮ್ಮ ಆಳಂದ ಕಡೆ ತೊಗರಿ ರಾಶಿಯ ಗಡಿಬಿಡಿ. ಪತ್ರಿಕೆಗಳಲ್ಲಿ ಬೇರೆಯದೇ ಗಡಿಬಿಡಿ: 31ರ ನಡುರಾತ್ರಿ ಕಂಪ್ಯೂಟರುಗಳು ದಿಕ್ಕುಗೆಡುತ್ತವೆ, ವಿಮಾನಗಳು ಬೀಳುತ್ತವೆ, ಬ್ಯಾಂಕಿನ ದುಡ್ಡು ಮಾಯವಾಗುತ್ತದೆ ಎಂದು. ಮಟಕಿಯಲ್ಲಿ ಇದನ್ನು ಓದಿ ಹೇಳಿದರೆ, "ಕಂಪೂಟರ್ ಕೆಟ್ಟರ ತೊಗರಿ ಕೆಡ್ತದೇನ್ರಿ ಅಕ್ಕೋರ?" ಎಂದು ಹಿರಿಯ ಹೆಣ್ಣುಮಕ್ಕಳು ಕೇಳುತ್ತಿದ್ದರು. ಪತ್ರಿಕೆಯವರಿಗಿಂತ ಅವರಿಗೇ ಹೆಚ್ಚು ತಿಳಿವಳಿಕೆ ಇತ್ತು ಎನ್ನಬೇಕು.

ದೋಷವೇನೋ ನಿಜ. ಹಿಂದೆ ಕಂಪ್ಯೂಟರಿನಲ್ಲಿ ಜಾಗ ಬಲು ತುಟ್ಟಿ. ಅದಕ್ಕೆ ಇಸವಿಯ ಕೊನೆಯ ಎರಡೇ ಅಂಕಿ ಬರೆಯುತ್ತಿದ್ದರು. 1965 ಎಂದರೆ 65. ಹಾಗಾದರೆ 2000 ಬರೀ 00. ಯಂತ್ರ ಅದನ್ನು 1900 ಎಂದುಕೊಂಡೀತು. ಇದು ಲೆಕ್ಕದ ತಪ್ಪು, ಸಿಡಿಲಲ್ಲ. ಕೂತು ತಿದ್ದಬಹುದಾದದ್ದು. ಬೆಂಗಳೂರಿನ ಇನ್ಫೋಸಿಸ್, ವಿಪ್ರೋದಂಥ ಕಂಪನಿಗಳ ಹುಡುಗ ಹುಡುಗಿಯರು ಹಾಗೆ ಕೂತು, ಹೊರದೇಶಗಳ ಹಳೆಯ ಲೆಕ್ಕಗಳನ್ನು ಸಾಲು ಸಾಲಾಗಿ ತಿದ್ದಿದರು.

ಹೆದರಿಕೆ ನಮಗೆ ಹೊಸದಲ್ಲ. 1962ರ ಫೆಬ್ರವರಿಯಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹಗಳು ಕೂಡಿದಾಗ ಪ್ರಳಯವೆಂದು ದೇಶದ ತುಂಬ ಹೋಮಗಳಾದವು. 1979ರ ಜುಲೈಯಲ್ಲಿ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ದೊಡ್ಡವರು ಹೆದರಿದ್ದು ನನಗೇ ನೆನಪಿದೆ. ಅದು ಹೋಗಿ ಬಿದ್ದದ್ದು ಹಿಂದೂ ಮಹಾಸಾಗರಕ್ಕೆ, ಪಶ್ಚಿಮ ಆಸ್ಟ್ರೇಲಿಯಾಕ್ಕೆ. 2000ದ ಭಯಕ್ಕೆ ಜಗತ್ತು 30,000 ಕೋಟಿಯಿಂದ 60,000 ಕೋಟಿ ಡಾಲರ್ ಸುರಿಯಬೇಕಾದೀತೆಂದು ಗಾರ್ಟ್ನರ್ ಸಂಸ್ಥೆ ಅಂದಾಜು ಕಟ್ಟಿತ್ತು. ಅಷ್ಟಾಗಿ ತಯಾರಿ ಮಾಡಿಕೊಳ್ಳದ ಇಟಲಿಯಲ್ಲೂ ಅಂಥ ಅನಾಹುತವೇನೂ ಆಗಲಿಲ್ಲ. ಭಯವನ್ನು ಊದಿ ದೊಡ್ಡದು ಮಾಡಿದ್ದರೆಂದೇ ನನ್ನ ಮತ.

ಆದರೂ ಪೂರಾ ನಕ್ಕುಬಿಡಲಾರೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 2000ದಲ್ಲಿ ಆಸ್ಪತ್ರೆಯ ಕಂಪ್ಯೂಟರೊಂದು ಬಸುರಿಯರ ವಯಸ್ಸನ್ನೇ ತಪ್ಪಾಗಿ ಲೆಕ್ಕ ಹಾಕಿತು. ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವವೆಷ್ಟು ಎಂದು ಹೇಳಲು ತಾಯಿಯ ವಯಸ್ಸು ಬೇಕು. 154 ಹೆಂಗಸರಿಗೆ ತಪ್ಪು ವರದಿ ಹೋಯಿತು. ಅದು ಗೊತ್ತಾಗುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ವಿಮಾನ ಬೀಳುತ್ತದೆಂದು ಆಕಾಶ ನೋಡುತ್ತಿದ್ದವರಿಗೆ ಇದು ಕಾಣಲಿಲ್ಲ.

ಹೆಂಗಸರ ವಯಸ್ಸು ತಪ್ಪಲು ಕಂಪ್ಯೂಟರೇ ಬೇಕೆಂದಿಲ್ಲ ಬಿಡಿ. ನಮ್ಮ ಕಡೆಯ ಶಾಲೆಗಳ ದಾಖಲಾತಿ ಪುಸ್ತಕ ತೆಗೆದರೆ ಎಷ್ಟೋ ಮಕ್ಕಳು ಜೂನ್ 1ರಂದೇ ಹುಟ್ಟಿರುತ್ತಾರೆ. ತಾಯಿ "ಸೀಗಿ ಹುಣ್ಣಿವಿ ಮರುದಿನ ಹುಟ್ಯಾಳ್ರಿ" ಎಂದರೂ ಮಾಸ್ತರರು ಬರೆದದ್ದು ಜೂನ್ 1. ಆ ತಾರೀಖೇ ಈಗ ಆಧಾರ್ ಕಾರ್ಡಿಗೂ ಏರಿ ಕೂತಿದೆ. ತಿದ್ದಿಸಹೋದವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ.