ಸಿಂಗಾಪುರದಿಂದ – 7: ಒಂದು ಹಳದಿ ಬೇರಿನ ಕಥೆ

ಹೋದ ಸಲ ಇಲ್ಲಿನ ಚೀನೀ ಔಷಧಿ ಅಂಗಡಿಗಳ ಬಗ್ಗೆ ಬರೆದಾಗ "ಅವರಲ್ಲೂ ಉಷ್ಣ, ತಂಪು ಅಂತ ಇದೆಯೇನೇ?" ಅಂತ ಅತ್ತೆ ಕೇಳಿದ್ದರು. ಇದೆ ಅತ್ತೆ, ನಮಗಿಂತ ಒಂದು ಕೈ ಹೆಚ್ಚೇ. ಗಂಟಲು ಕೆರೆದರೆ ಉಷ್ಣ ಅಂತ ಸೇವಂತಿಗೆ ಹೂವಿನ ಟೀ ಕುಡಿಯುತ್ತಾರೆ. ಹೆರಿಗೆಯಾದ ಮೇಲೆ ಒಂದು ತಿಂಗಳು ಬಾಣಂತನ: ಶುಂಠಿ, ಎಳ್ಳೆಣ್ಣೆ, ಒಣಗಿದ ಕೆಂಪು ಬೋರೆಹಣ್ಣಿನ ಕಷಾಯ. ಗಾಳಿ ತಾಗಬಾರದು, ತಲೆಗೆ ನೀರು ಹಾಕಬಾರದು. ಕೇಳಿದ ಹಾಗಿದೆ ಅಲ್ವಾ?

ಈ ಬಾಣಂತನದಲ್ಲಿ ಹಿಂದೆ ಹುವಾಂಗ್‌ಲಿಯನ್ ಅನ್ನೋ ಬೇರಿಗೂ ಜಾಗವಿತ್ತು. ಒಳಗೆಲ್ಲ ಹಳದಿ, ಕಹಿ ಅಂದರೆ ಅಷ್ಟು ಕಹಿ. ಯಾರಿಗೂ ಹೇಳಿಕೊಳ್ಳಲಾಗದ ಕಷ್ಟಕ್ಕೆ "ಮೂಗ ಹುವಾಂಗ್‌ಲಿಯನ್ ತಿಂದ ಹಾಗೆ" ಅನ್ನುವ ಗಾದೆಯೇ ಚೀನೀಯರಲ್ಲಿದೆ. ಹೊಟ್ಟೆಯಲ್ಲಿದ್ದಾಗ ಸೇರಿದ ನಂಜು ಹೋಗಲಿ ಅಂತ ಇದರ ನೀರನ್ನು ಹುಟ್ಟಿದ ಕೂಸಿಗೂ ಕುಡಿಸುತ್ತಿದ್ದರು. ಇದರಲ್ಲಿರುವ ಬರ್ಬೆರಿನ್ ನಮ್ಮ ಮರದರಿಶಿನದಲ್ಲೂ ಇದೆ.

1950-60ರ ದಶಕದಲ್ಲಿ ಸಿಂಗಾಪುರದ ಆಸ್ಪತ್ರೆಗಳಿಗೆ ವಿಪರೀತ ಕಾಮಾಲೆಯಾದ ಎಳೆಗೂಸುಗಳು ಬರುತ್ತಿದ್ದವು. ಬಿಲಿರುಬಿನ್ ಮಿತಿಮೀರಿ ಮಿದುಳಿಗೆ ಇಳಿದರೆ ಅದು ಕರ್ನಿಕ್ಟೆರಸ್. ಮಗು ಸಾಯಬಹುದು. ಉಳಿದರೂ ಕಿವಿ ಕೇಳದೆ, ಕೈಕಾಲು ಸ್ವಾಧೀನವಿಲ್ಲದೆ ಬದುಕಬೇಕಾಗಬಹುದು. ಮಕ್ಕಳ ತಜ್ಞ ಡಾ. ವಾಂಗ್ ಹಾಕ್ ಬೂನ್ ಇದರ ಬೆನ್ನು ಹತ್ತಿದರು. ಇಂಥ ಎಷ್ಟೋ ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನು ಕಾಯುವ ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆಯಿತ್ತು. ಹುಟ್ಟಿನಿಂದಲೇ ಬರುವ ಈ ಕೊರತೆ ಗಂಡುಮಕ್ಕಳಲ್ಲಿ ಜಾಸ್ತಿ. ಅಂಥ ಕೂಸಿನ ಬಟ್ಟೆಗೆ ನುಸಿಗುಳಿಗೆಯ ವಾಸನೆ ಹತ್ತಿದ್ದರೂ ಸಾಕು, ರಕ್ತಕಣ ಒಡೆಯಲು ಶುರುವಾಗಬಹುದು. ಸಂಶಯ ಮನೆಯ ಬೇರುಗಳ ಮೇಲೂ ಬಿತ್ತು.

1965ರಿಂದ ಇಲ್ಲಿ ಹೊಕ್ಕುಳಬಳ್ಳಿಯ ರಕ್ತದಲ್ಲೇ ಆ ಕೊರತೆಯನ್ನು ಪರೀಕ್ಷೆ ಮಾಡತೊಡಗಿದರು. ಕೊರತೆಯಿದ್ದ ಮಗುವನ್ನು ಬೇಗ ಮನೆಗೆ ಬಿಡದೆ ಆಸ್ಪತ್ರೆಯಲ್ಲೇ ಇಟ್ಟು ನೋಡಿಕೊಳ್ಳುತ್ತಿದ್ದರು. 1978ರಲ್ಲಿ ಸರ್ಕಾರ ಬರ್ಬೆರಿನ್ ಅನ್ನೇ ನಿಷೇಧಿಸಿತು. ಸಾವಿರಾರು ವರ್ಷದ ಬೇರು ಅಂಗಡಿಯ ಡ್ರಾಯರಿನಿಂದ ಮಾಯ! ವಿಚಿತ್ರ ನೋಡಿ, 2000ದಲ್ಲಿ ಕಾನೂನು ತಂದು ಚೀನೀ ವೈದ್ಯರನ್ನು ನೋಂದಾಯಿಸಿಕೊಂಡರು, ಆದರೆ ಈ ಬೇರಿಗೆ ಮಾತ್ರ ಬಿಡುಗಡೆ ಸಿಗಲಿಲ್ಲ. ಸಾಕ್ಷ್ಯಗಳನ್ನೆಲ್ಲ ಮತ್ತೆ ಪರಿಶೀಲಿಸಿ ಹುವಾಂಗ್‌ಲಿಯನ್ ಮಾರಾಟಕ್ಕೆ ಅನುಮತಿ ಕೊಟ್ಟಿದ್ದು 2013ರಲ್ಲಿ.

ಹಾಗಾದರೆ ನಿಷೇಧ ತಪ್ಪೇ? ನನಗೆ ಹಾಗನ್ನಿಸಲ್ಲ. ಕೂಸುಗಳು ಸಾಯುವಾಗ ಪೂರ್ತಿ ಪುರಾವೆ ಬರಲಿ ಅಂತ ಕಾಯೋಕಾಗುತ್ತಾ? ಆದರೆ ಮಕ್ಕಳನ್ನು ಉಳಿಸಿದ್ದು ನಿಷೇಧಕ್ಕಿಂತ ಆ ಒಂದು ಹನಿ ರಕ್ತದ ಪರೀಕ್ಷೆ, ಆಮೇಲೆ ಬಂದ ನೀಲಿ ದೀಪದ ಚಿಕಿತ್ಸೆ ಅನ್ನೋದು ನನ್ನ ಅಭಿಪ್ರಾಯ. ಬೇರು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಜಗಳದಲ್ಲಿ ಅದು ಯಾರ ಬಾಯಿಗೆ ಹೋಗುತ್ತಿದೆ ಅನ್ನೋದನ್ನ ನಾವು ಮರೆತೇಬಿಡ್ತೀವಿ.

ನಮ್ಮೂರಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಮಾಡೋದಿಲ್ಲ. ಅಮ್ಮ, ಮುಂದಿನ ತಿಂಗಳು ತಂಗಿ ಬಾಣಂತನಕ್ಕೆ ಬರ್ತಾಳಲ್ಲ, ಅಟ್ಟದ ಟ್ರಂಕಿನಲ್ಲಿರೋ ನನ್ನ ಮಗನ ಹಳೇ ಬಟ್ಟೆ ಕೂಸಿಗೆ ಹಾಕಬೇಡಿ. ಅದರ ತುಂಬ ನುಸಿಗುಳಿಗೆ ಇದೆ. ಮೈ ಹಳದಿ ಕಂಡರೆ ಬಿಸಿಲಿಗೆ ಹಿಡಿದು, ಬಜೆ ತೇಯ್ದು ನೆಕ್ಕಿಸಿ ಕಾಯಬೇಡಿ. ಅವತ್ತೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಆಮೇಲೆ ನನಗೆ ಫೋನ್ ಮಾಡಿ, ನೈಟ್ ಡ್ಯೂಟಿ ಇದ್ದರೂ ಸರಿ.