ಬಸದಿಯ ಭಾರ ಹೊತ್ತ ನೆಲ

ಬಸದಿಗೆ ಬಂದ ಶ್ರಾವಕನ ದೃಷ್ಟಿ ಸಹಜವಾಗಿಯೇ ಮೇಲಕ್ಕೆ ಹೋಗುತ್ತದೆ. ಮಾನಸ್ತಂಭ, ಕಂಬಗಳ ಕೆತ್ತನೆ, ಜಿನಬಿಂಬ, ಕಳಶ ಇವುಗಳನ್ನು ಕಂಡು ಆತನು ಧನ್ಯನಾಗುತ್ತಾನೆ. ಇವೆಲ್ಲವನ್ನೂ ಹೊತ್ತು ನಿಂತ ಪಂಚಾಂಗವನ್ನಾಗಲಿ, ಆ ಪಂಚಾಂಗದ ಅಡಿಯ ಮಣ್ಣನ್ನಾಗಲಿ ನೋಡುವವರು ವಿರಳ. ಮೂಡಬಿದಿರೆ, ಬೆಳ್ತಂಗಡಿ, ಬಂಟ್ವಾಳ ಈ ಮೂರು ಸೀಮೆಗಳಲ್ಲಿ ನೆಲವನ್ನು ಅರಿತು ಕಟ್ಟಿದ, ನೆಲವನ್ನು ಅಗೆದು ನೀರು ಪಡೆದ ಕಾರ್ಯಕ್ಕೆ ಶತಮಾನಗಳ ಇತಿಹಾಸವಿದೆ. ಜೀರ್ಣೋದ್ಧಾರ ಕಾರ್ಯಗಳಿಗೆ ಕೈಹಾಕುವವರು ಅದನ್ನು ತಿಳಿದಿರುವುದು ಅವಶ್ಯ.

ಭೂಪರೀಕ್ಷೆಯೆಂಬುದು ಇಂಜಿನಿಯರುಗಳೊಂದಿಗೆ ಬಂದ ಹೊಸ ಪದ್ಧತಿಯಲ್ಲ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಒಂದು ಸರಳ ಪರೀಕ್ಷೆಯಿದೆ. ಒಂದು ಹಸ್ತ ಪ್ರಮಾಣದ ಹೊಂಡ ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಬೇಕು. ಮಣ್ಣು ಮಿಕ್ಕರೆ ನಿವೇಶನ ಉತ್ತಮ, ಸಮನಾದರೆ ಮಧ್ಯಮ, ಸಾಲದೆ ಹೋದರೆ ಅಧಮ. ಒತ್ತಾಗಿ ಕೂತ ನೆಲವನ್ನು ಅಗೆದಾಗ ಮಣ್ಣು ಉಬ್ಬಿ ಹೆಚ್ಚಾಗುತ್ತದೆ, ಪೊಳ್ಳು ನೆಲದ ಮಣ್ಣು ಹೊಂಡಕ್ಕೆ ಸಾಲದು. ಇಂದಿನ ವಿಜ್ಞಾನವೂ ಈ ಕಾರಣವನ್ನು ಒಪ್ಪುತ್ತದೆ. ಅದೇ ಗ್ರಂಥದಲ್ಲಿ ಮರ, ಹುತ್ತಗಳ ಗುರುತಿನಿಂದ ಅಂತರ್ಜಲವನ್ನು ಊಹಿಸುವ ಅಧ್ಯಾಯವೂ ಇದೆ. ಸುಮಾರು 1025ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವಾಸ್ತು ಮತ್ತು ಜಲಶೋಧನೆಯ ವಿಚಾರಗಳಿಗೆ ಸ್ಥಾನ ದೊರೆತಿದೆ. ಈತನು ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಚಾಲುಕ್ಯ ಜಯಸಿಂಹನ ಕಾಲದ ಬೇರೊಬ್ಬನು.

ಈ ಸೀಮೆಯ ನೆಲದ ಸ್ವಭಾವ ವಿಚಿತ್ರವಾದುದು. ಮೇಲೆ ಮುರಕಲ್ಲು, ಬಹು ಆಳದಲ್ಲಿ ಕರಿಯ ಶಿಲೆ. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕತ್ತಿಯಿಂದ ಕಡಿಯಬಹುದಾದ, ಗಾಳಿಗೆ ಒಡ್ಡಿದೊಡನೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಆದರೆ ಮುರಕಲ್ಲಿಗೂ ಶಿಲೆಗೂ ನಡುವೆ ಅನೇಕ ಕಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣಿನ ಪದರವಿದೆ. ಒಣಗಿದಾಗ ಇದು ಹಾರೆಗೂ ಸುಲಭವಾಗಿ ಬಗ್ಗದು. ನೀರು ಕುಡಿದಾಗ ಬಲ ಕಳೆದುಕೊಂಡು ಕುಸಿಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಬಂಟ್ವಾಳದ ನೇತ್ರಾವತಿ ದಂಡೆಯ ಸ್ಥಿತಿ ಇನ್ನೂ ಬೇರೆ. ಅಲ್ಲಿ ನೆಲವು ನದಿ ತಂದು ಹಾಕಿದ ಮರಳು, ಮೆಕ್ಕಲು. 1923 ಮತ್ತು 1974ರ ಮಹಾನೆರೆಗಳು ಆ ಪೇಟೆಯನ್ನು ಮುಳುಗಿಸಿದವು.

ಇಂತಹ ನೆಲದ ಮೇಲೆ ಹಿರಿಯರು ಕಟ್ಟಿದ್ದು ಇಂದಿಗೂ ನಿಂತಿದೆ. 1430ರಲ್ಲಿ ನಿರ್ಮಾಣಗೊಂಡ ಮೂಡಬಿದಿರೆಯ ಸಾವಿರ ಕಂಬದ ಬಸದಿಯು ಮೂರು ಅಂತಸ್ತಿನದು. ಕೆಳಗೆ ಶಿಲೆ, ಮೇಲೆ ಮರ. ಅಂತಸ್ತು ಏರಿದಂತೆ ಭಾರ ಇಳಿದಿದೆ. ಇಳಿಜಾರಾದ ಮಾಡುಗಳು ಮಳೆನೀರನ್ನು ಗೋಡೆಯ ಬುಡದಿಂದ ದೂರಕ್ಕೆ ಚೆಲ್ಲುತ್ತವೆ. ಪಂಚಾಂಗದ ಅಡಿಗೆ ನೀರು ಇಳಿಯದಂತೆ ಕಾಯುವುದೇ ಈ ನೆಲದಲ್ಲಿ ಕಟ್ಟಡದ ಅರ್ಧ ಆಯುಷ್ಯ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದ 35 ಅಡಿ ಎತ್ತರದ ಬಾಹುಬಲಿಯು ಫಲ್ಗುಣಿ ನದಿಯ ಸಮೀಪದಲ್ಲಿದ್ದೂ ನಾಲ್ಕು ಶತಮಾನಗಳ ಮಳೆಗಾಲಗಳನ್ನು ಕಂಡಿದ್ದಾನೆ.

ಭಾರವನ್ನು ಹಂಚುವುದೇ ಅಡಿಪಾಯದ ಮೂಲತತ್ತ್ವ. ಧರ್ಮಸ್ಥಳದ ಬಾಹುಬಲಿಯ ಪ್ರಯಾಣವೇ ಅದಕ್ಕೆ ಉತ್ತಮ ನಿದರ್ಶನ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಆ ಮೂರ್ತಿಯ ತೂಕ ಸುಮಾರು 170 ಟನ್. 1973ರಲ್ಲಿ ಅದನ್ನು 64 ಚಕ್ರಗಳ ವಾಹನದಲ್ಲಿ ಧರ್ಮಸ್ಥಳಕ್ಕೆ ತರಲಾಯಿತು. ಮೂರ್ತಿಯ ಭಾರವನ್ನಷ್ಟೇ ಲೆಕ್ಕ ಹಾಕಿದರೂ ಒಂದು ಚಕ್ರದ ಪಾಲಿಗೆ ಎರಡೂವರೆ ಟನ್ನಿಗೂ ಮಿಕ್ಕಿ ಬರುತ್ತದೆ. ಚಕ್ರಗಳು ಕಡಿಮೆಯಾಗಿದ್ದರೆ ರಸ್ತೆಯೇ ಹೂತುಹೋಗುತ್ತಿತ್ತು. 1975ರಲ್ಲಿ ಮೂರ್ತಿಯನ್ನು ರತ್ನಗಿರಿಯ ಮೇಲೆ ನಿಲ್ಲಿಸಲಾಯಿತು. 1982ರಲ್ಲಿ ಪ್ರತಿಷ್ಠೆ ನೆರವೇರಿತು.

ಮಣ್ಣಿನ ಬಲವನ್ನು ಅಳೆಯುವ ಶಾಸ್ತ್ರಕ್ಕೆ 1925ರಲ್ಲಿ ಕಾರ್ಲ್ ಟೆರ್ಜಾಗಿಯವರ ಗ್ರಂಥವು ತಳಹದಿ ಹಾಕಿತು. ಇಂದು ನಿವೇಶನದಲ್ಲಿ ರಂಧ್ರ ಕೊರೆದು, ಅದರ ತಳದಲ್ಲಿ ಒಂದು ಕೊಳವೆಯನ್ನಿಟ್ಟು, 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಅದರ ಮೇಲೆ ಬೀಳಿಸುತ್ತಾರೆ. ಕೊಳವೆ ಮೊದಲ 15 ಸೆಂಟಿಮೀಟರ್ ಇಳಿದ ಬಳಿಕ, ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಹೆಚ್ಚು ಪೆಟ್ಟು ಬಿದ್ದರೆ ನೆಲ ಗಟ್ಟಿ. ಹೊರತೆಗೆದ ಮಣ್ಣನ್ನು ಪ್ರಯೋಗಾಲಯದಲ್ಲಿ ನೆನೆಸಿಯೂ ಪರೀಕ್ಷಿಸಬೇಕು. ಏಕೆಂದರೆ ಬೇಸಗೆಯ ಶೇಡಿ ಮಣ್ಣು ಕೊಟ್ಟ ಮಾತನ್ನು ಆಷಾಢದ ಶೇಡಿ ಮಣ್ಣು ಉಳಿಸಿಕೊಳ್ಳುವುದಿಲ್ಲ. 1960ರಲ್ಲಿ ಸುರತ್ಕಲ್ಲಿನಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು, ಅಂದರೆ ಈಗಿನ ಎನ್.ಐ.ಟಿ.ಕೆ., ಈ ಮಣ್ಣಿನ ಬಗ್ಗೆ ಬಹಳಷ್ಟು ಸಂಶೋಧನೆ ನಡೆಸಿದೆ.

ಇನ್ನು ನೀರಿನ ವಿಷಯ. ಹಿಂದೆ ಮುರಕಲ್ಲನ್ನು ಕಡಿದು ಬಾವಿ ತೋಡುತ್ತಿದ್ದರು. ಮಣ್ಣು ಸಡಿಲವಾದಲ್ಲಿ ಕಲ್ಲು ಕಟ್ಟಿ ಬದಿಗಳನ್ನು ಭದ್ರಪಡಿಸುತ್ತಿದ್ದರು. ಬಂಟ್ವಾಳ ತಾಲೂಕಿನ ಗುಡ್ಡಗಳಲ್ಲಿ ಅಡ್ಡಲಾಗಿ ಸುರಂಗ ಕೊರೆದು, ಒಸರುವ ನೀರನ್ನು ಯಂತ್ರವಿಲ್ಲದೆ ತೋಟಕ್ಕೆ ಹರಿಸುವ ಪದ್ಧತಿಯೂ ಇದೆ. ಕೇಪು ಗ್ರಾಮದ ಮಹಾಲಿಂಗ ನಾಯ್ಕರು ಒಂದಾದ ಮೇಲೊಂದು ಸುರಂಗ ಬರಿದಾದರೂ ಎದೆಗುಂದದೆ ಕೊರೆದು, ಕೊನೆಗೆ ನೀರು ಕಂಡು ಬರಡು ಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

1966ರ ಬರಗಾಲದ ತರುವಾಯ ಯುನಿಸೆಫ್ ನೆರವಿನಿಂದ ಗಾಳಿಯ ಒತ್ತಡದಲ್ಲಿ ಶಿಲೆಯನ್ನು ಕೊರೆಯುವ ಯಂತ್ರಗಳು ಭಾರತಕ್ಕೆ ಬಂದವು. ಕ್ರಮೇಣ ಕೊಳವೆ ಬಾವಿ ಎಲ್ಲೆಡೆ ಹಬ್ಬಿತು. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಗಟ್ಟಿ ಶಿಲೆಯವರೆಗೆ ಕೇಸಿಂಗ್ ಪೈಪು ಇಳಿಸಿ, ಶಿಲೆಯ ಬಿರುಕುಗಳಲ್ಲಿರುವ ನೀರನ್ನು ಇದರಿಂದ ಪಡೆಯುತ್ತಾರೆ. ತೆರೆದ ಬಾವಿಯ ನೀರು ಪ್ರತಿ ಮಳೆಗಾಲದಲ್ಲಿ ಮರುಪೂರಣಗೊಳ್ಳುತ್ತದೆ. ಆಳದ ಬಿರುಕಿನ ನೀರು ಹಾಗೆ ಬೇಗನೆ ತುಂಬದು. ಬಿರುಕುಗಳ ಸಂಪರ್ಕವಿದ್ದಲ್ಲಿ ಹೊಸ ಕೊಳವೆ ಬಾವಿಯು ಹಳೆಯ ಬಾವಿಯನ್ನೂ ಬತ್ತಿಸೀತು. ನೀರು ಸಿಗದ ಕೊಳವೆ ಬಾವಿಯನ್ನು ನೆಲಮಟ್ಟದವರೆಗೆ ತುಂಬಿ ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಆದೇಶಿಸಿದೆ. ಅದು ಎಳೆಯ ಮಕ್ಕಳ ಜೀವದ ಪ್ರಶ್ನೆ.

ಬಸದಿಯ ಬಾವಿಗೆ ಇನ್ನೊಂದು ಮಹತ್ತ್ವವಿದೆ. ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲುಳಿದ ಜೀವಾಣಿಯನ್ನು ಅದೇ ಜಲಕ್ಕೆ ಮೆಲ್ಲನೆ ಮರಳಿಸುವುದು ಶ್ರಾವಕಾಚಾರ. ತೆರೆದ ಬಾವಿಯಲ್ಲಿ ಕೊಡವನ್ನು ಇಳಿಸಿ ಇದನ್ನು ನೆರವೇರಿಸಬಹುದು. ನೂರಾರು ಅಡಿ ಆಳದ ಕೊಳವೆಯಲ್ಲಿ ಅದು ಹೇಗೆ ಸಾಧ್ಯ? ಅಹಿಂಸೆಯನ್ನು ಪರಮಧರ್ಮವೆಂದ ಸಮಾಜವು ಬಾವಿಯನ್ನು ಕೈಬಿಡುವುದೆಂದರೆ ಒಂದು ವ್ರತವನ್ನೇ ಕೈಬಿಟ್ಟಂತೆ.

ಆದುದರಿಂದ ಜೀರ್ಣೋದ್ಧಾರ ಸಮಿತಿಗಳು ಶಿಲ್ಪಿಯನ್ನು ಕರೆಯುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸುವುದು ಲೇಸು. ಅದರ ವೆಚ್ಚ ಒಟ್ಟು ಖರ್ಚಿನ ಒಂದು ಅಲ್ಪಾಂಶ. ಹಳೆಯ ಕೆರೆ ಬಾವಿಗಳನ್ನು ಮುಚ್ಚಿ ಸಭಾಭವನ ಕಟ್ಟಬಾರದು. ತುಂಬಿದ ಮಣ್ಣು ವರ್ಷಾನುವರ್ಷ ಕುಗ್ಗಿ ಗೋಡೆ ಬಿರಿಯುತ್ತದೆ. ಅಂಗಳವನ್ನು ಹಿಗ್ಗಿಸಲೆಂದು ಗುಡ್ಡವನ್ನು ನೆಟ್ಟಗೆ ಕಡಿದರೆ ಒಳಗಿನ ಶೇಡಿ ಮಣ್ಣು ಮಳೆಗೆ ತೆರೆದುಕೊಳ್ಳುತ್ತದೆ. ಮಾಡಿನ ನೀರನ್ನು ಶುದ್ಧವಾಗಿ ಸೋಸಿ ಬಾವಿಗೆ ಇಳಿಸಿದರೆ ಪಂಚಾಂಗವೂ ಉಳಿಯುತ್ತದೆ, ಬಾವಿಯೂ ತುಂಬುತ್ತದೆ. ಕಳಶಕ್ಕೆ ದಾನ ಕೊಡುವವರು ಅನೇಕರಿದ್ದಾರೆ. ಯಾರ ಕಣ್ಣಿಗೂ ಬೀಳದ ಅಡಿಪಾಯಕ್ಕೆ ಕೊಟ್ಟ ದಾನವೂ ಅಷ್ಟೇ ಪುಣ್ಯಪ್ರದವೆಂಬುದನ್ನು ಮುಂದಿನ ಪೀಳಿಗೆಯವರು ನಿಂತಿರುವ ಬಸದಿಯನ್ನು ಕಂಡು ಅರಿಯುವರು.